ಓಸ್ಮೊ ಕಟ್ಟಿದ ಮೂರು ಗೋಡೆ

ಓಸ್ಮೊ ರಿಸ್ಸಾನೆನ್ ಹೆಂಡತಿಯನ್ನು ಬಿಟ್ಟು ಹೋಗುತ್ತಿದ್ದಾನೆ ಅನ್ನುವ ಸುದ್ದಿಯನ್ನು ಹಬ್ಬಿಸಿದವನು ನಾನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮೂವತ್ತೊಂದು ವರ್ಷ ನಮ್ಮೂರು ಹೌಕಿನಿಯೆಮಿಯಲ್ಲಿ ಮನೆಮನೆಗೆ ಅಂಚೆ ಹಂಚಿದವನು ನಾನು. ಒಂದೇ ಒಂದು ಕಾಗದದ ಗುಟ್ಟನ್ನೂ ಹೊರಗೆ ಬಿಟ್ಟವನಲ್ಲ. ಓಸ್ಮೊನ ವಿಷಯ ನಾನು ಹೇಳಿದ್ದು ನನ್ನ ಹೆಂಡತಿಗೆ ಮಾತ್ರ. ಅವಳು ಹೇಳಿದ್ದು ಅಂಗಡಿಯಲ್ಲಿ. ಅಂಗಡಿಯಲ್ಲಿ ಆಡಿದ ಮಾತಿಗೆ ಯಾರೂ ಹೊಣೆಯಲ್ಲ ಅನ್ನುವುದು ಎಲ್ಲರಿಗೂ ಗೊತ್ತಿರುವ ವಿಚಾರ.

ಅಲ್ಲದೆ ನಮ್ಮ ಮಾತಿನ ರೀತಿಯೇ ಹಾಗೆ. ನಾವು ಸಾವೋ ಸೀಮೆಯವರು. ಇನ್ನೊಬ್ಬರನ್ನು ನೇರವಾಗಿ ಕೇಳುವುದು ನಮ್ಮಲ್ಲಿ ಮರ್ಯಾದೆಯಲ್ಲ. ಕೇಳಿದವರಿಗೆ ನೇರವಾಗಿ ಉತ್ತರ ಕೊಡುವುದು ಅದಕ್ಕಿಂತ ದೊಡ್ಡ ತಪ್ಪು. ಮಳೆ ಬರುತ್ತಾ ಅಂದರೆ ‘ಬಂದರೂ ಬರಬಹುದು, ಬರದೆಯೂ ಇರಬಹುದು’ ಅನ್ನುತ್ತೇವೆ, ಆಗಲೇ ಟೋಪಿ ನೆನೆದು ತೊಟ್ಟಿಕ್ಕುತ್ತಿದ್ದರೂ. ಅಡ್ಡಗೋಡೆಯ ಮೇಲೆ ದೀಪ ಇಡುವುದು ಅನ್ನುತ್ತಾರಲ್ಲ, ನಮ್ಮೂರಲ್ಲಿ ದೀಪ ಇಡಲು ಬೇರೆ ಜಾಗವೇ ಇಲ್ಲ. ಸಾವೋದವನು ಬಾಯಿ ತೆರೆದರೆ ಜವಾಬ್ದಾರಿ ಕೇಳಿಸಿಕೊಂಡವನದು ಅಂತ ಗಾದೆಯೇ ಇದೆ.

ಆ ಕಲೆಯಲ್ಲಿ ಓಸ್ಮೊ ಊರಿಗೇ ದೊಡ್ಡವನು. ನಲವತ್ತಾರು ವರ್ಷದಿಂದ ಹೆಂಡತಿ ಹಿಲ್ಕಾ ಅವನಿಗೆ ಅಡುಗೆ ಮಾಡಿ ಬಡಿಸುತ್ತಿದ್ದಾಳೆ. ಸುತ್ತ ಮೂರು ಊರಿನಲ್ಲಿ ಅವಳ ಕೈರುಚಿಗೆ ಎದುರಿಲ್ಲ. ಹಬ್ಬದ ಹಂದಿ ಮಾಂಸ ಇರಲಿ, ಗುರುವಾರದ ಬಟಾಣಿ ಸಾರು ಇರಲಿ, ಅವಳು ಹೇಗಿದೆ ಅನ್ನುವ ಹಾಗೆ ಮುಖ ನೋಡಿದಾಗ ಓಸ್ಮೊ ಬಟ್ಟಲು ಕೆಳಗಿಟ್ಟು ಹೇಳುವುದು ಒಂದೇ ಮಾತು: "ತಿನ್ನಬಹುದು." ಹಿಲ್ಕಾ ಇದನ್ನು ನನ್ನಾಕೆಯ ಹತ್ತಿರ ಎಷ್ಟೋ ಸಲ ಹೇಳಿಕೊಂಡಿದ್ದಾಳೆ. "ದನಕ್ಕೆ ಹುಲ್ಲು ಹಾಕಿದ್ರೂ ಅದು ಬಾಲ ಆಡಿಸುತ್ತೆ ಕಣೆ" ಅಂತ.

ಇನ್ನು ಅವನ ಕೈಗೆಲಸದ ವಿಷಯ. ಓಸ್ಮೊ ಜೀವಮಾನವೆಲ್ಲ ಹಾಲಿನ ಲಾರಿ ಓಡಿಸಿದವನು, ಲಾರಿಯನ್ನು ಒಂದು ದಿನವೂ ಹಳ್ಳಕ್ಕಿಳಿಸಿದವನಲ್ಲ. ಆದರೆ ಸುತ್ತಿಗೆ ಕೈಗೆ ಬಂದರೆ ಅವನೇ ಬೇರೆ ಮನುಷ್ಯ. ಅವನು ತನ್ನ ಮನೆಯ ಮುಂದೆ ನೆಟ್ಟ ಅಂಚೆಪೆಟ್ಟಿಗೆ ಕಂಬಸಮೇತ ನನ್ನ ಬೈಸಿಕಲ್ಲಿನ ಮೇಲೆ ಮೂರು ಸಲ ಬಿದ್ದಿದೆ. ನಾಲ್ಕನೆಯ ಸಲದಿಂದ ನಾನು ಕಾಗದಗಳನ್ನು ದೂರದಿಂದಲೇ ಎಸೆಯಲು ಕಲಿತೆ.

ಇಷ್ಟಿದ್ದೂ ಅವನು ಕಟ್ಟಡದ ಕೆಲಸಕ್ಕೆ ಕೈ ಹಾಕಿದ್ದಕ್ಕೆ ಕಾರಣ ಆರ್ವೊ. ಆರ್ವೊ ಅವನ ಪಕ್ಕದ ಮನೆಯವನು. ಆ ವಸಂತದಲ್ಲಿ ಆರ್ವೊ ಕಾರ್ಖಾನೆಯಿಂದ ಒಂದು ಮರದ ಮನೆ ತರಿಸಿದ್ದ. ದಿಮ್ಮಿಗಳ ಮೇಲೆಲ್ಲ ಅಚ್ಚು ಹಾಕಿದ ನಂಬರು; ಒಂದರ ಮೇಲೆ ಎರಡು, ಎರಡರ ಮೇಲೆ ಮೂರು ಇಟ್ಟುಕೊಂಡು ಹೋದರೆ ಎರಡೂವರೆ ದಿನದಲ್ಲಿ ಮನೆ. ಊರ ಸಭಾಮನೆಯ ಕಾಫಿ ಕೂಟದಲ್ಲಿ ಅವನು ಅದನ್ನೇ ಹೇಳುತ್ತಿದ್ದ.

"ಯಂತ್ರದಲ್ಲಿ ಕೊರೆದದ್ದು. ಎರಡು ದಿಮ್ಮಿ ನಡುವೆ ಒಂದು ಕೂದಲು ತೂರಿಸು ನೋಡೋಣ" ಅಂದ ಆರ್ವೊ.

"ಹೊಸ ಮರಕ್ಕೆ ಏನು ಗೊತ್ತು?" ಅಂದ ಓಸ್ಮೊ.

"ಮರಕ್ಕೆ ಏನಪ್ಪಾ ಗೊತ್ತಿರಬೇಕು?"

"ಹಳೇ ದಿಮ್ಮಿ ಚಳಿ ಕಂಡಿರುತ್ತೆ, ಮನುಷ್ಯರನ್ನ ಕಂಡಿರುತ್ತೆ. ನಾನಾಗಿದ್ರೆ ಹಳೇ ದಿಮ್ಮಿಯಲ್ಲೇ ಕಟ್ತಿದ್ದೆ."

"ನೀನು ಕಟ್ತೀಯ?" ಅಂದ ಆರ್ವೊ. ಸಭಾಮನೆಯಲ್ಲಿ ಇಪ್ಪತ್ತು ಜನ ಕಾಫಿ ಕುಡಿಯುವುದನ್ನು ನಿಲ್ಲಿಸಿದರು. ಅಂಚೆಪೆಟ್ಟಿಗೆಯ ನೆನಪು ಎಲ್ಲರಿಗೂ ಬಂತು ಅಂತ ಕಾಣುತ್ತದೆ.

"ಕಟ್ಟಿದರೂ ಕಟ್ಟಬಹುದು" ಅಂದ ಓಸ್ಮೊ. ಮಾತು ಬಾಯಿಂದ ಹೊರಗೆ ಬಿದ್ದಾಗಿತ್ತು.

ಅದೇ ತಿಂಗಳು ಕಪ್ಪುಕೆರೆಯ ಹತ್ತಿರ ಮರ ಕಡಿಯುವವರ ಹಳೆಯ ಬಿಡಾರವನ್ನು ಕೆಡವುತ್ತಿದ್ದರು. ಬೇಕಾದವರು ದಿಮ್ಮಿ ಒಯ್ಯಬಹುದು ಅಂತ ಕಾಡಿನ ಮಾಲೀಕರು ಸಾರಿದ್ದರು. ಓಸ್ಮೊ ಇಪ್ಪತ್ಮೂರರ ಹರೆಯದಲ್ಲಿ ಒಂದು ಚಳಿಗಾಲ ಅಲ್ಲಿ ಮರ ಕಡಿದಿದ್ದ. ಅದೇ ಚಳಿಗಾಲ ಅಲ್ಲಿ ಇಪ್ಪತ್ತೆರಡು ಗಂಡಸರಿಗೆ ಅಡುಗೆ ಮಾಡುತ್ತಿದ್ದವಳು ಹಿಲ್ಕಾ. ಇದು ನಮಗೆಲ್ಲ ಗೊತ್ತಿದ್ದದ್ದೇ. ಗೊತ್ತಿದ್ದೂ ಒಬ್ಬರ ತಲೆಗೂ ಹೊಳೆಯಲಿಲ್ಲ, ನಮ್ಮ ತಲೆಗಳು ಎಂಥವು ನೋಡಿ.

ಓಸ್ಮೊನಿಗೆ ಬೇಕಾಗಿದ್ದದ್ದು ಒಂದೇ ದಿಮ್ಮಿ. ಅವನು ಮಲಗುತ್ತಿದ್ದ ಮಂಚದ ಹಿಂದಿನದು. ಅದರ ಮೇಲೆ ಅವನು ಆ ಚಳಿಗಾಲ ಚಾಕುವಿನಿಂದ ಏನೋ ಕೊರೆದಿದ್ದ. ಅದನ್ನು ಹಿಲ್ಕಾಗೆ ತೋರಿಸಬೇಕು ಅನ್ನುವುದು ಅವನ ಆಸೆ. ಒಂದು ದಿಮ್ಮಿ ತಂದು ಹೆಂಡತಿಯ ಮುಂದೆ ಇಟ್ಟರಾಯಿತಲ್ಲ ಅಂತ ನೀವು ಕೇಳಬಹುದು. ನಾನೂ ಆಮೇಲೆ ಕೇಳಿದೆ. "ಬರೀ ದಿಮ್ಮಿ ಇಟ್ಟರೆ ಅವಳು ಇದೇನು ಅಂತ ಕೇಳ್ತಾಳೆ ಕೌಕೊ. ಆಗ ನಾನು ಹೇಳಬೇಕಾಗುತ್ತೆ. ಗೋಡೆಯಲ್ಲಿ ಸೇರಿಸಿಬಿಟ್ಟರೆ ಅವಳೇ ಓದ್ಕೋತಾಳೆ" ಅಂದ. ಹೀಗೆ ಒಂದು ಮಾತು ಆಡುವುದನ್ನು ತಪ್ಪಿಸಿಕೊಳ್ಳಲು ಆ ಮನುಷ್ಯ ನಲವತ್ತು ದಿಮ್ಮಿ ಹೊತ್ತು ತಂದ.

ಕೆಡವುವಾಗ ನಂಬರು ಹಾಕಬೇಕು ಅನ್ನುವುದು ಆರ್ವೊನ ಮನೆ ನೋಡಿ ಅವನಿಗೆ ತಿಳಿದಿತ್ತು. ಸೀಮೆಸುಣ್ಣ ತೆಗೆದುಕೊಂಡು ಹೋದ. ಗೋಡೆ ಬಿಚ್ಚುವುದು ಮೇಲಿನಿಂದ ತಾನೆ? ಮೊದಲು ಕೈಗೆ ಬಂದದ್ದಕ್ಕೆ ಒಂದು, ಆಮೇಲಿನದಕ್ಕೆ ಎರಡು ಅಂತ ಶ್ರದ್ಧೆಯಿಂದ ಬರೆದ. ಮನೆಗೆ ತಂದು, ಕೆರೆಯ ದಂಡೆಯಲ್ಲಿ, ಸ್ವಂತ ಅಡುಗೆಮನೆಯ ಕಿಟಕಿಯಿಂದ ಐವತ್ತು ಹೆಜ್ಜೆ ದೂರದಲ್ಲಿ, ಕಟ್ಟಲು ಶುರುಮಾಡಿದ. ಕಟ್ಟುವಾಗಲೂ ಒಂದನೆಯದನ್ನೇ ಮೊದಲು ಇಟ್ಟ.

ಸಹಜವಾಗಿ ಕೂರಲಿಲ್ಲ. ನೆತ್ತಿಯ ಮೇಲಿದ್ದ ದಿಮ್ಮಿ ಪಾದದಲ್ಲಿ ಹೇಗೆ ಕೂರುತ್ತದೆ? ಎರಡು ದಿನ ಅದರ ಸುತ್ತ ತಿರುಗಾಡಿದ. ಮೂರನೆಯ ದಿನ ಸಿಟ್ಟಿನಿಂದ ಅದನ್ನು ಮಗುಚಿ ಹಾಕಿದ. ಎರಡನೆಯದನ್ನೂ ಮಗುಚಿ ಇಟ್ಟ. ಕಚ್ಚಿಗೆ ಕಚ್ಚು ಸರಿಯಾಗಿ ಕೂತಿತು. ಓಸ್ಮೊ ಟೋಪಿ ತೆಗೆದು ಹಣೆ ಒರೆಸಿಕೊಂಡ. ಅವನು ಇಡೀ ಗೋಡೆಯನ್ನು ತಲೆಕೆಳಗಾಗಿ ಕಟ್ಟುತ್ತಿದ್ದಾನೆ ಅನ್ನುವುದು ಬೇಲಿಯ ಆಚೆ ನಿಂತಿದ್ದ ಆರ್ವೊನಿಗೆ ಆಗಲೇ ಕಂಡಿತ್ತು. ಆದರೆ ಓಸ್ಮೊ ಕೇಳಲಿಲ್ಲ, ಆರ್ವೊ ಹೇಳಲಿಲ್ಲ.

ಅಷ್ಟರಲ್ಲಿ ನಾನು ಬೈಸಿಕಲ್ಲಿನಲ್ಲಿ ಆ ದಾರಿಯಾಗಿ ಹೋಗಿದ್ದು ನಿಜ.

"ಮರ ಬಂದ ಹಾಗಿದೆ" ಅಂದೆ.

"ಬಂದ ಹಾಗಿದೆ" ಅಂದ ಓಸ್ಮೊ.

"ಸೌನಾ ಇರಬಹುದೇನೋ, ಬಿಸಿ ಆವಿಯ ಸ್ನಾನಕ್ಕೆ?"

"ಸೌನಾ ಒಂದಿದೆಯಲ್ಲ."

"ದನದ ಕೊಟ್ಟಿಗೆ?"

"ದನ ಎಲ್ಲಿದೆ?"

ಮೂರು ಗೋಡೆಯ ಗುರುತು ಕಾಣುತ್ತಿತ್ತು. ಕೆರೆಯ ಕಡೆಗೆ ಖಾಲಿ, ಖಾಲಿಯ ಮುಂದೆ ಬೆಂಕಿಗೆ ಕಲ್ಲು, ಒಳಗೆ ಮಲಗಲು ಹಲಗೆಯ ಜಗಲಿ. ಬೇಟೆಗೆ ಹೋದವರು ಒಂದು ರಾತ್ರಿ ತಂಗಲು ಕಾಡಿನಲ್ಲಿ ಕಟ್ಟುತ್ತಾರಲ್ಲ, ಆ ಬಗೆಯದು. ಆದರೆ ಮನೆ ಇರುವವನು ಮನೆಯ ಹಿತ್ತಲಲ್ಲೇ ತಂಗುದಾಣ ಯಾಕೆ ಕಟ್ಟುತ್ತಾನೆ? ನಾನು ಸ್ವಲ್ಪ ಮರ್ಯಾದೆ ಮೀರಿದೆ.

"ಯಾರಾದ್ರೂ ಇರ್ತಾರೇನೋ ಇದರಲ್ಲಿ?"

ಓಸ್ಮೊ ಕೆರೆಯನ್ನು ನೋಡಿದ. "ಮನುಷ್ಯನಿಗೆ ಕೈಕಾಲು ಚಾಚೋಕೆ ಎಷ್ಟು ಜಾಗ ಬೇಕು ಹೇಳು. ವಯಸ್ಸಾದ ಮೇಲೆ ಸ್ವಲ್ಪ ಶಾಂತಿ ಬೇಕಪ್ಪ" ಅಂದ.

ನಾನು ಮನೆಗೆ ಹೋಗಿ ನನ್ನಾಕೆಗೆ ಇಷ್ಟನ್ನೇ ಹೇಳಿದೆ. ಒಂದು ಅಕ್ಷರ ಸೇರಿಸಲಿಲ್ಲ. ಸಂಜೆಯ ಹೊತ್ತಿಗೆ ಅಂಗಡಿಯಲ್ಲಿ ಓಸ್ಮೊನಿಗೆ ಹಿಲ್ಕಾಳಿಂದ ಶಾಂತಿ ಬೇಕಾಗಿತ್ತು. ಮರುದಿನ ಅವನು ಮನೆ ಬಿಡುವುದು ಖಾತ್ರಿಯಾಯಿತು. ವಾರ ಕಳೆಯುವಷ್ಟರಲ್ಲಿ ಇಸಲ್ಮಿಯ ಕಡೆಯ ಒಬ್ಬ ವಿಧವೆಯನ್ನೂ ಅವನಿಗೆ ಗೊತ್ತುಮಾಡಿದರು. ಅವಳಿಗೆ ಸ್ವಂತ ಮೋಟಾರು ದೋಣಿ ಇದೆಯಂತೆ. ಆ ದೋಣಿ ಎಲ್ಲಿಂದ ಬಂತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಹಿಲ್ಕಾ ಅಂಗಡಿಯೊಳಗೆ ಕಾಲಿಟ್ಟಾಗ ಮಾತು ನಿಂತಿತು. ನಿಂತ ಮಾತು ಯಾರ ಬಗ್ಗೆ ಅಂತ ತಿಳಿಯದಷ್ಟು ದಡ್ಡಿಯಲ್ಲ ಅವಳು. ಒಂದು ಪೊಟ್ಟಣ ಬಟಾಣಿ ತಗೊಂಡು ಮನೆಗೆ ಹೋದಳು. ಗಂಡನನ್ನು ಏನೂ ಕೇಳಲಿಲ್ಲ. ಅವಳೂ ಸಾವೋದವಳೇ ಅಲ್ಲವೆ? ಬದಲಿಗೆ ಅಡುಗೆಮನೆಯ ಕಿಟಕಿಯಲ್ಲಿ ನಿಂತು ನೋಡಿದಳು. ಓಸ್ಮೊ ಒಂದು ದಿಮ್ಮಿಯನ್ನು ಬೇರೆಯೇ ಇಟ್ಟು, ಅದಕ್ಕೆ ಉಣ್ಣೆಯ ಕಂಬಳಿ ಹೊದಿಸಿ, ಅಂಚು ಮಡಚುತ್ತಿದ್ದ. "ನಲವತ್ತಾರು ವರ್ಷದಲ್ಲಿ ನನಗೆ ಒಂದು ಸಲ ಹೊದಿಸಿಲ್ಲ ಕಣೆ" ಅಂತ ನನ್ನಾಕೆಯ ಹತ್ತಿರ ಹೇಳಿ, ಆ ಗಟ್ಟಿ ಹೆಂಗಸು ಅತ್ತುಬಿಟ್ಟಳು. ಇದನ್ನು ಕೇಳಿಯೂ ನನಗೆ ಹೋಗಿ ಓಸ್ಮೊನನ್ನು ಕೇಳುವ ಧೈರ್ಯ ಬರಲಿಲ್ಲ.

ಮರುವಾರ ಅವಳು ಒಂದು ಪೆಟ್ಟಿಗೆ ತುಂಬಿ ಮೆಟ್ಟಿಲ ಮೇಲಿಟ್ಟಳು. ಅವನ ಚಳಿಗಾಲದ ಒಳಉಡುಪು, ಕ್ಷೌರದ ಸಾಮಾನು, ಒಂದು ತಟ್ಟೆ, ಒಂದು ಲೋಟ, ಒಂದು ಚಮಚ. ಇದನ್ನು ನೋಡಿ ಅವನು ಏನಾದರೂ ಹೇಳಲಿ ಅನ್ನುವುದು ಅವಳ ಲೆಕ್ಕ. ಓಸ್ಮೊ ನೋಡಿದ. ಕೆಲಸ ಮಾಡಿ ಬೆವರುವ ಗಂಡನಿಗೆ ಬಟ್ಟೆ, ಕಾಫಿಗೆ ಲೋಟ. ಎಷ್ಟು ತಿಳುವಳಿಕೆಯ ಹೆಂಡತಿ ಅಂತ ಅವನ ಮನಸ್ಸು ತುಂಬಿ ಬಂತು. ಪೆಟ್ಟಿಗೆಯನ್ನು ಹೆಗಲ ಮೇಲಿಟ್ಟುಕೊಂಡು ಕೆರೆಯ ಕಡೆ ನಡೆದ.

"ತಗೊಂಡೇ ಹೋದ. ಸೀಟಿ ಹಾಕ್ಕೊಂಡು ಹೋದ" ಅಂತ ಹಿಲ್ಕಾ ಅಕ್ಕನಿಗೆ ಫೋನು ಮಾಡಿದಳು.

ಅಕ್ಕ ಇರ್ಯಾ ಕುವೊಪಿಯೊದಿಂದ ಎರಡು ಬಸ್ಸು ಬದಲಾಯಿಸಿ ಬಂದಳು. ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದು ಕೈಯಲ್ಲಿ ಮೀನು ತುಂಬಿ ಬೇಯಿಸಿದ ದೊಡ್ಡ ರೈ ಹಿಟ್ಟಿನ ರೊಟ್ಟಿ. ದುಃಖದ ಮನೆಗೆ ಬರಿಗೈಯಲ್ಲಿ ಹೋಗಬಾರದು ಅನ್ನುವವಳು. ತಂಗಿಯನ್ನು ಮಲಗಿಸಿ, ರೊಟ್ಟಿ ಕೊಯ್ದು ಮುಚ್ಚಿಟ್ಟು, ನೇರವಾಗಿ ಕೆರೆಯ ದಂಡೆಗೆ ಹೋದಳು. ನಾನು ಆಗ ಅಲ್ಲೇ ಇದ್ದೆ. ಯಾಕೆ ಇದ್ದೆ ಅನ್ನುವುದು ಮುಖ್ಯವಲ್ಲ.

"ಓಸ್ಮೊ, ಗಟ್ಟಿಯಾಗಿ ಕಟ್ತಾ ಇದ್ದೀಯ" ಅಂದಳು.

"ಗಾಳಿಗೆ ಬೀಳದಿದ್ರೆ ಸಾಕು ಅಕ್ಕ."

"ಬಾಗಿಲು ಕಾಣಿಸ್ತಿಲ್ಲ."

"ಬಾಗಿಲಿಲ್ಲದಿದ್ರೆ ಯಾರೂ ದಡಾರ್ ಅಂತ ಹಾಕೋಕಾಗಲ್ಲ" ಅಂದು ಓಸ್ಮೊ ನಕ್ಕ. ಅವನ ಪ್ರಕಾರ ಅದೊಂದು ತಮಾಷೆ.

ಇರ್ಯಾ ನಗಲಿಲ್ಲ. "ಇಷ್ಟು ವರ್ಷದ ಮೇಲೆ ಇದೆಲ್ಲ ಬೇಕಿತ್ತಾ ಅಂತ ನಿನಗೆ ಅನ್ನಿಸ್ತಿಲ್ವಾ?"

"ಇಷ್ಟು ವರ್ಷದ ಹಿಂದೆಯೇ ಮಾಡಬೇಕಿತ್ತು ಅಕ್ಕ. ಧೈರ್ಯ ಬರಲಿಲ್ಲ" ಅಂದ ಓಸ್ಮೊ. ಅವನ ಕಣ್ಣು ತೇವವಾಗಿತ್ತು ಅಂತ ನಾನು ಪ್ರಮಾಣ ಮಾಡಿ ಹೇಳಬಲ್ಲೆ.

ಇರ್ಯಾ ಮನೆಗೆ ಹೋಗಿ ಪುರಸಭೆಯ ಕಟ್ಟಡ ತಪಾಸಣೆಯವರಿಗೆ ಫೋನು ಮಾಡಿದಳು. ಕೆರೆಯ ದಂಡೆಯಲ್ಲಿ ಒಬ್ಬ ಮನುಷ್ಯ ಹೆಂಡತಿಯನ್ನು ಬಿಟ್ಟು, ಅಪ್ಪಣೆಯಿಲ್ಲದೆ ಖಾಯಂ ವಾಸಕ್ಕೆ ಮನೆ ಕಟ್ಟುತ್ತಿದ್ದಾನೆ ಅಂತ ದೂರು ಕೊಟ್ಟಳು. ಪ್ರೀತಿ ತಡೆಯದಿದ್ದರೆ ಕಾನೂನಾದರೂ ತಡೆಯಲಿ ಅನ್ನುವುದು ಅವಳ ವಿಚಾರ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ಇಲ್ಲಿ ಗಂಡ ಎಲ್ಲಿ ಮಲಗುತ್ತಾನೆ ಅನ್ನುವುದೇ ಗೊತ್ತಿರಲಿಲ್ಲವಲ್ಲ.

ಆಗಸ್ಟಿನ ಕೊನೆಯ ಗುರುವಾರ ಮಾಡಿನ ತೊಲೆ ಏರಿಸುವುದು ಅಂತಾಯಿತು. ಆ ದಿನ ಅಕ್ಕಪಕ್ಕದವರೆಲ್ಲ ಬಂದು ತೊಲೆಗೆ ಕೈ ಹಾಕಬೇಕು, ಮನೆಯ ಹೆಂಗಸು ಅವರಿಗೆ ಊಟ ಹಾಕಬೇಕು. ಊಟ ಹಾಕದೆ ಏರಿಸಿದ ತೊಲೆಯ ಕೆಳಗೆ ನಮ್ಮ ಕಡೆ ಯಾರೂ ಕಾಲಿಡುವುದಿಲ್ಲ. ಊರಿಗೆ ಇದೊಂದು ದೊಡ್ಡ ಧರ್ಮಸಂಕಟವಾಯಿತು. ಗಂಡ ತನ್ನನ್ನು ಬಿಟ್ಟು ಹೋಗಲು ಕಟ್ಟಿಕೊಂಡ ಮನೆಗೆ ಹೆಂಡತಿ ಊಟ ಹಾಕುತ್ತಾಳೆಯೆ? ಹಾಕದಿದ್ದರೆ ಏನು, ಹಾಕಿದರೆ ಏನು? ಅಂಗಡಿಯಲ್ಲಿ ಎರಡು ಪಕ್ಷಗಳಾದವು.

ಹಿಲ್ಕಾ ಬುಧವಾರವೇ ಬಟಾಣಿ ನೆನೆಹಾಕಿದಳು. "ನಿನಗೇನು ತಲೆ ಕೆಟ್ಟಿದೆಯಾ?" ಅಂದಳು ಇರ್ಯಾ.

"ಹಸಿದು ಬಂದವರ ಮೇಲೆ ನನಗೇನು ಸಿಟ್ಟು ಅಕ್ಕ? ಹಾಕೋದು ಹಾಕ್ತೀನಿ. ಕೊನೇ ಸಾರು ಅಂದ್ಕೊಂಡು ಹಾಕ್ತೀನಿ."

ಗುರುವಾರ ಇಪ್ಪತ್ತು ಜನ ಬಂದೆವು. ಆರ್ವೊ ಸಾವಿನ ಮನೆಗೆ ಹೊರಟವನ ಹಾಗೆ ಕತ್ತಿಗೆ ಕಪ್ಪು ಟೈ ಕಟ್ಟಿಕೊಂಡಿದ್ದ. ಹೆಂಗಸರು ಮೆಲ್ಲಗೆ ಮಾತಾಡುತ್ತಿದ್ದರು. ನನ್ನಾಕೆ ಹಿಲ್ಕಾಗೆ ಹೂವು ತಂದಿದ್ದಳು, ಬಿಳಿಯವು. ಇಡೀ ಗುಂಪಿನಲ್ಲಿ ಖುಷಿಯಾಗಿದ್ದವನು ಓಸ್ಮೊ ಒಬ್ಬನೇ. "ಟೈ ಎಲ್ಲ ಕಟ್ಕೊಂಡು ಬಂದಿದ್ದಾರೆ ಕೌಕೊ. ಜನಕ್ಕೆ ನನ್ನ ಮೇಲೆ ಇಷ್ಟು ಗೌರವ ಇದೆ ಅಂತ ಗೊತ್ತೇ ಇರಲಿಲ್ಲ" ಅಂತ ನನ್ನ ಕಿವಿಯಲ್ಲಿ ಹೇಳಿದ. ನಾನು ಅವನ ಭುಜ ತಟ್ಟಿದೆ.

ಎಲ್ಲರೂ ಕೈ ಹಾಕಿ ತೊಲೆ ಏರಿಸಿದೆವು. ಒಳಗೆ ಹಿಂದಿನ ಗೋಡೆಗೆ, ಜಗಲಿಯ ಮೇಲುಗಡೆ, ಆ ಉಣ್ಣೆಯ ಕಂಬಳಿ ಇಳಿಬಿದ್ದಿತ್ತು. ಹಿಲ್ಕಾ ದೊಡ್ಡ ಪಾತ್ರೆ ತಂದು ಇಟ್ಟು, ಯಾರ ಮುಖವನ್ನೂ ನೋಡದೆ ಸಾರು ಬಡಿಸತೊಡಗಿದಳು. ಆಗ ಪುರಸಭೆಯ ಕಾರು ಬಂತು.

ಇಳಿದವಳು ತಪಾಸಣೆ ಅಧಿಕಾರಿ ಬಿರ್ಗಿತ್ತಾ. ಮೂವತ್ತು ದಾಟಿರಲಿಕ್ಕಿಲ್ಲ. ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಪಶ್ಚಿಮ ಕರಾವಳಿಯವಳು, ಆ ಕಡೆ ಜನ ಒಂದು ಪ್ರಶ್ನೆ ಕೇಳಿ ಅದಕ್ಕೆ ಉತ್ತರ ಬರಲಿ ಅಂತ ಕಾಯುತ್ತಾರಂತೆ. ಅವಳು ಅಳತೆ ಪಟ್ಟಿ ತೆಗೆದು ಗೋಡೆಗಳನ್ನು ಅಳೆದಳು. ಒಂದು ಮೂಲೆಯ ಹತ್ತಿರ ನಿಂತು ತಲೆ ಓರೆ ಮಾಡಿದಳು.

"ಇದು ತಲೆಕೆಳಗಾಗಿದೆ" ಅಂದಳು.

"ಇರಬಹುದು" ಅಂದ ಓಸ್ಮೊ.

"ಇರಬಹುದು ಅಲ್ಲ, ಆಗಿದೆ. ಸಂದಿ ಮುಚ್ಚೋಕೆ ಪಾಚಿ ತುಂಬೋ ತೋಡು ದಿಮ್ಮಿಯ ಹೊಟ್ಟೆಯಲ್ಲಿರಬೇಕು. ಇಲ್ಲಿ ಬೆನ್ನ ಮೇಲಿದೆ. ನೀರು ನಿಲ್ಲುತ್ತೆ."

"ನನಗೆ ಮೇ ತಿಂಗಳಲ್ಲೇ ಗೊತ್ತಿತ್ತು" ಅಂದ ಆರ್ವೊ, ಸಾರು ಉಣ್ಣುತ್ತಾ.

"ಹೇಳಬಹುದಿತ್ತಲ್ಲ?" ಅಂದಳು ಅಧಿಕಾರಿ.

"ಅವನು ಕೇಳಬಹುದಿತ್ತಲ್ಲ."

ಬಿರ್ಗಿತ್ತಾ ಚೀಲದಿಂದ ಅರ್ಜಿಯ ಹಾಳೆ ತೆಗೆದಳು. "ತಲೆಕೆಳಗಾಗಿ ಕಟ್ಟಬಾರದು ಅಂತ ನಿಯಮ ಇಲ್ಲ. ಮುಂದಿನದು ಹೇಳಿ. ಖಾಯಂ ವಾಸಕ್ಕಾ?"

"ಈ ಲೋಕದಲ್ಲಿ ಯಾವುದು ಖಾಯಂ?" ಅಂದ ಓಸ್ಮೊ.

"ಉಪಯೋಗಿಸುವವರು ಎಷ್ಟು ಜನ?"

"ಶುರುವಿಗೆ ಒಬ್ಬ. ಆಮೇಲೆ ಅದೃಷ್ಟ ಇದ್ದರೆ ಇನ್ನೊಬ್ಬರು ಬಂದರೂ ಬರಬಹುದು."

ಇಪ್ಪತ್ತು ಜನರ ಕಣ್ಣ ಮುಂದೆ ಇಸಲ್ಮಿಯ ವಿಧವೆ ಮೋಟಾರು ದೋಣಿಯಲ್ಲಿ ಬಂದು ಇಳಿದಳು. ಹಿಲ್ಕಾಳ ಕೈಯಲ್ಲಿದ್ದ ಸೌಟು ಪಾತ್ರೆಗೆ ತಗುಲಿ ಸದ್ದಾಯಿತು. ಇರ್ಯಾ ತಂಗಿಯ ಭುಜ ಹಿಡಿದುಕೊಂಡಳು.

ಅಧಿಕಾರಿ ಪೆನ್ನು ಕೆಳಗಿಟ್ಟಳು. ಹಾಳೆಯನ್ನು ನೋಡಿದಳು, ಆರ್ವೊನ ಟೈ ನೋಡಿದಳು, ಬಿಳಿ ಹೂವು ನೋಡಿದಳು. "ರಿಸ್ಸಾನೆನ್ ಅವರೇ, ನಮಗೆ ಬಂದಿರೋ ದೂರಿನ ಪ್ರಕಾರ ನೀವು ನಿಮ್ಮ ಹೆಂಡತೀನ ಬಿಟ್ಟು ಇಲ್ಲಿಗೆ ಬಂದು ಇರ್ತೀರಿ. ಬಿಡ್ತಿದ್ದೀರಾ, ಇಲ್ವಾ?"

ಹೌಕಿನಿಯೆಮಿಯಲ್ಲಿ ಇಂಥ ಪ್ರಶ್ನೆಯನ್ನು ಯಾರೂ ಯಾವತ್ತೂ ಕೇಳಿದ್ದಿಲ್ಲ. ನನ್ನ ಬಾಯಲ್ಲಿದ್ದ ಬಟಾಣಿ ಅಗಿಯದೆಯೇ ಒಳಗಿಳಿಯಿತು. ಓಸ್ಮೊ ಸುತ್ತ ನೋಡಿದ. ಟೈ ಯಾಕೆ ಅಂತ ಈಗ ಅವನಿಗೆ ತಿಳಿಯಿತು. ಜಗಲಿಯ ಮೇಲಿದ್ದ ಪೆಟ್ಟಿಗೆಯನ್ನು, ಅದರಲ್ಲಿದ್ದ ಒಂದು ತಟ್ಟೆ, ಒಂದು ಲೋಟವನ್ನು ನೋಡಿದ. ಕೊನೆಗೆ ಹಿಲ್ಕಾಳ ಕೆಂಪಾದ ಕಣ್ಣು ನೋಡಿದ. ಪಾಪ, ಅವನ ಮುಖದ ಬಣ್ಣವೆಲ್ಲ ಇಳಿದುಹೋಯಿತು.

"ಇಲ್ಲ" ಅಂದ.

ಅಷ್ಟೇ. ಅರವತ್ತೊಂಬತ್ತು ವರ್ಷದಲ್ಲಿ ಅವನ ಬಾಯಿಂದ ಬಂದ ಮೊದಲ ನೇರ ಮಾತು. ಅಂದವರು ಯಾರು ಅಂತ ಅವನೇ ಒಂದು ಸಲ ಹಿಂದೆ ತಿರುಗಿ ನೋಡಿದ.

"ಮತ್ತೆ ಇದು ಯಾರಿಗೆ?" ಅಂದಳು ಹಿಲ್ಕಾ. ನೇರ ಪ್ರಶ್ನೆ ಅಂಟುರೋಗವಿದ್ದ ಹಾಗೆ, ಅವಳಿಗೂ ತಗುಲಿತ್ತು.

ಓಸ್ಮೊ ಒಳಗೆ ಹೋಗಿ ಕಂಬಳಿ ಎಳೆದ. ಗೋಡೆಯ ನಡುವಿನ ದಿಮ್ಮಿಯಲ್ಲಿ ಹಳೆಯ ಕಪ್ಪು ಅಕ್ಷರಗಳು ಕಂಡವು. ಎಲ್ಲ ತಲೆಕೆಳಗು. ಇಪ್ಪತ್ತು ಜನ ಒಟ್ಟಿಗೆ ಕತ್ತು ಓರೆ ಮಾಡಿದೆವು. ಆರ್ವೊ ಬಗ್ಗಿ ಕಾಲುಗಳ ನಡುವಿನಿಂದ ನೋಡಲು ಹೋಗಿ ಸಾರು ಚೆಲ್ಲಿಕೊಂಡ. ಯಾರಿಗೂ ಒಂದು ಪದ ಹತ್ತಲಿಲ್ಲ.

"ಓದಿ ಹೇಳೋ" ಅಂದಳು ಇರ್ಯಾ.

"ನಾನು ಹೇಗೆ ಹೇಳೋದು ಅಕ್ಕ" ಅಂದ ಓಸ್ಮೊ. ನಲವತ್ತು ದಿಮ್ಮಿ ಹೊತ್ತವನಿಗೆ ಅದೊಂದು ಭಾರ ಹೊರಲಾಗಲಿಲ್ಲ.

ಹಿಲ್ಕಾ ಸೌಟು ಕೆಳಗಿಟ್ಟಳು. ಏಪ್ರನ್ನಿಗೆ ಕೈ ಒರೆಸಿಕೊಂಡಳು. ಒಳಗೆ ಬಂದು, ಜಗಲಿಯ ಮೇಲೆ ಕೂತು, ಕಾಲುಗಳನ್ನು ಬೆಂಕಿಯ ಕಡೆಗೂ ತಲೆಯನ್ನು ಗೋಡೆಯ ಕಡೆಗೂ ಮಾಡಿ ಅಂಗಾತ ಮಲಗಿದಳು. ಆಮೇಲೆ ತಲೆಯನ್ನು ಹಿಂದಕ್ಕೆ ಬಾಗಿಸಿ ಗೋಡೆ ನೋಡಿದಳು. ಹಾಗೆ ಮಲಗಿದವರಿಗೆ ಅಕ್ಷರ ನೆಟ್ಟಗೆ ಕಾಣುತ್ತದೆ. ಅಲ್ಲಿ ಬೇರೆ ರೀತಿ ಮಲಗುವ ಹಾಗೂ ಇಲ್ಲ.

"ಹಿಲ್ಕಾಳ ಸಾರು ಬಲು ಚೆನ್ನಾಗಿದೆ" ಅಂತ ನಿಧಾನವಾಗಿ ಓದಿದಳು. ಕಣ್ಣನ್ನು ಮುಂದಿನ ಸಾಲಿಗೆ ಸರಿಸಿದಳು. "ಭಾನುವಾರ ಕೇಳ್ತೀನಿ." ಆಮೇಲೆ ಬೆರಳಿಟ್ಟು ಏನೋ ಎಣಿಸಿದಳು. "ಈ ಗೆರೆಗಳೇನು? ಹದಿನಾಲ್ಕಿವೆ."

"ಕೇಳದೆ ಹೋದ ಭಾನುವಾರಗಳು" ಅಂದ ಓಸ್ಮೊ.

ಕೆರೆಯಲ್ಲಿ ಒಂದು ಮೀನು ನೆಗೆದ ಸದ್ದು ಕೇಳಿಸಿತು. ನನ್ನಾಕೆ ಹೂವು ಹಿಡಿದುಕೊಂಡು ಅಳುತ್ತಿದ್ದಳು, ಆದರೆ ಈಗ ಬೇರೆ ಕಾರಣಕ್ಕೆ.

"ಹದಿನೈದನೇ ಭಾನುವಾರ, ಮದುವೆ ಆಗ್ತೀಯಾ ಅಂತ ನಾನೇ ಕೇಳಿದೆ. ನೆನಪಿದೆಯಾ?" ಅಂದಳು ಹಿಲ್ಕಾ, ಮಲಗಿದಲ್ಲಿಂದಲೇ.

"ಅವತ್ತು ನಾನು ಕೇಳೋನಿದ್ದೆ."

"ಹಾಗಾದ್ರೆ ಈಗ ಕೇಳು."

ಓಸ್ಮೊ ಟೋಪಿ ತೆಗೆದ. ಟೋಪಿಯನ್ನು ಎರಡು ಸುತ್ತು ತಿರುಗಿಸಿದ. "ಇವತ್ತು ಗುರುವಾರ" ಅಂದ.

"ಓಸ್ಮೊ."

ಅವನು ಗಂಟಲು ಸರಿಮಾಡಿಕೊಂಡ. ಆರ್ವೊ ಯಾಕೋ ಟೈ ಸರಿಮಾಡಿಕೊಂಡ. "ಇದರಲ್ಲಿ" ಅಂದ ಓಸ್ಮೊ, "ಇದರಲ್ಲಿ ಇಬ್ಬರು ಇರಬಹುದೇನೋ ಅಂತ."

ಹಿಲ್ಕಾ ತಲೆಕೆಳಗಾದ ಅಕ್ಷರಗಳನ್ನು ಇನ್ನೊಂದು ಸಲ ಓದಿದಳು. "ಇರಬಹುದು" ಅಂದಳು.

ಬಿರ್ಗಿತ್ತಾ ನನ್ನ ಪಕ್ಕಕ್ಕೆ ಸರಿದು ಮೆಲ್ಲಗೆ ಕೇಳಿದಳು: "ಹಾಗಂದ್ರೆ ಏನರ್ಥ? ಅವರು ಒಪ್ಪಿದ್ರಾ, ಇಲ್ವಾ? ನಾನು ಅರ್ಜಿ ತುಂಬಬೇಕು."

"ಇದಕ್ಕಿಂತ ಜಾಸ್ತಿ ನಮ್ಮೂರಲ್ಲಿ ಯಾರೂ ಒಪ್ಪಿದ್ದಿಲ್ಲಮ್ಮ. ಇಬ್ಬರು ಅಂತ ಬರ್ಕೊಳ್ಳಿ" ಅಂದೆ. ಅವಳು ಬರೆದುಕೊಂಡಳು. ಅವಳಿಗೂ ಒಂದು ಬಟ್ಟಲು ಸಾರು ಸಿಕ್ಕಿತು. ಇರ್ಯಾ ರೊಟ್ಟಿಯನ್ನು ಹೊರಗೆ ತಂದಳು, ದೂರು ಕೊಟ್ಟವರು ಯಾರು ಅನ್ನುವ ವಿಷಯವನ್ನು ಅವಳೂ ಎತ್ತಲಿಲ್ಲ, ಅಧಿಕಾರಿಯೂ ಎತ್ತಲಿಲ್ಲ. ಮೂರು ತಿಂಗಳಲ್ಲಿ ಆ ಹುಡುಗಿ ಅಷ್ಟು ಕಲಿತಿದ್ದಳು.

ಹಿಲ್ಕಾ ಎದ್ದು ಕೂದಲು ಸರಿಮಾಡಿಕೊಂಡು, ಪೆಟ್ಟಿಗೆಯಿಂದ ಆ ಒಂದೇ ತಟ್ಟೆ ತೆಗೆದು, ಓಸ್ಮೊನಿಗೆ ಬಡಿಸಿದಳು. ಅವನು ಅವಳು ಎದ್ದ ಜಾಗದಲ್ಲೇ ಕೂತು ಉಂಡ. ನಾವೆಲ್ಲ ನೋಡುತ್ತಾ ನಿಂತಿದ್ದೆವು. ಕೊನೆಯ ಚಮಚ ಮುಗಿಸಿ, ತಟ್ಟೆ ಕೆಳಗಿಟ್ಟು, ಮೀಸೆ ಒರೆಸಿಕೊಂಡ.

"ತಿನ್ನಬಹುದು" ಅಂದ.

ಹಿಲ್ಕಾಳ ಮುಖ ಕಿವಿಯವರೆಗೂ ಕೆಂಪಾಯಿತು. ತಟ್ಟೆಯನ್ನು ಅವನ ಕೈಯಿಂದ ತೆಗೆದುಕೊಂಡು, "ಅಷ್ಟೊಂದೆಲ್ಲ ಹೊಗಳಬೇಡ, ಜನ ಇದ್ದಾರೆ" ಅಂದಳು.